ಶುದ್ಧ ರಿಷಭದಿಂದ 6 ಮಿಲಿಮೀಟರ್ ಮೇಲೆ: ಕೊಡಗಿನ ವಾದ್ಯವೃಂದಕ್ಕೆ ಪರ್ಷಿಯನ್ ಕೃತಿ ಕಟ್ಟುವ ಬಗೆ

ಕರ್ನಾಟಕ ಸಂಗೀತದ ಪಾಠಕ್ಕೆ ಕೂತವರು ಮಾಯಾಮಾಳವಗೌಳದಿಂದಲೇ ಶುರು ಮಾಡುತ್ತಾರೆ. ಆ ರಾಗದ ರಿಷಭ, ಧೈವತಗಳನ್ನಷ್ಟೇ ಒಂದೆಳೆ ಮೇಲಕ್ಕೆತ್ತಿ, ಉಳಿದ ಐದು ಸ್ವರಗಳನ್ನು ಇದ್ದಲ್ಲೇ ಬಿಟ್ಟರೆ ಇರಾನಿನ ಚಹಾರ್‌ಗಾಹ್ ಎಂಬ ರಾಗವ್ಯವಸ್ಥೆಯ ಸ್ವರಗಳು ಸಿಗುತ್ತವೆ. ಎಷ್ಟು ಎತ್ತಬೇಕು ಎಂದರೆ, ಪಿಟೀಲಿನ ತಂತಿಯ ಮೇಲೆ ಸುಮಾರು 6 ಮಿಲಿಮೀಟರ್. ಪರ್ಷಿಯನ್ ಸಂಪ್ರದಾಯವನ್ನು ಇಂದಿನ ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ಜೊತೆ ಬೆಸೆಯುವ ಕೆಲಸದ ಕಷ್ಟವೂ ಸೊಗಸೂ ಈ 6 ಮಿಲಿಮೀಟರಿನಲ್ಲೇ ಇವೆ.

ಇರಾನಿನಲ್ಲಿ ಹುಟ್ಟಿ ಹೊರದೇಶಗಳಲ್ಲಿ ನೆಲೆ ನಿಂತ ಸಂಯೋಜಕರು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. 1955ರಲ್ಲಿ ಟೆಹ್ರಾನಿನಲ್ಲಿ ಹುಟ್ಟಿ 1974ರಲ್ಲಿ ಅಮೆರಿಕಕ್ಕೆ ಹೋದ, ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಪಾಠ ಮಾಡುವ ಬೆಹ್ಜಾದ್ ರಂಜ್‌ಬರಾನ್ ಶಾಹ್‌ನಾಮೆ ಎಂಬ ಪರ್ಷಿಯನ್ ಮಹಾಕಾವ್ಯದ ಕಥೆಗಳನ್ನು ಹಿಡಿದು ‘ಪರ್ಷಿಯನ್ ಟ್ರಿಲಜಿ’ ಬರೆದರು. ಅದು ಬಹುಮಟ್ಟಿಗೆ ಮಾಮೂಲಿ ಸಿಂಫನಿ ಆರ್ಕೆಸ್ಟ್ರಾದ ಶ್ರುತಿಯಲ್ಲೇ ನಡೆಯುತ್ತದೆ. ಪರ್ಷಿಯನ್ ಗುಣ ಅಲ್ಲಿ ರಾಗದ ಎಳೆಯಲ್ಲಿದೆ, ಲಯದಲ್ಲಿದೆ, ವಾದ್ಯಗಳ ಬಣ್ಣದಲ್ಲಿದೆ. 1952ರಲ್ಲಿ ಕಜ್ವೀನ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಕಲಿತು, ಪಿಟ್ಸ್‌ಬರ್ಗ್‌ನಲ್ಲಿ ನೆಲೆಸಿದ ರೆಜಾ ವಲಿ ಹಿಡಿದದ್ದು ಇನ್ನೊಂದು ದಾರಿ. ‘ಕ್ಯಾಲಿಗ್ರಫಿ’ ಸರಣಿಯಲ್ಲಿ ಅವರು ದಸ್ತ್‌ಗಾಹ್ ಎಂಬ ಪರ್ಷಿಯನ್ ರಾಗವ್ಯವಸ್ಥೆಯ ಸ್ವರಾಂತರಗಳನ್ನೇ ಪಿಟೀಲು, ಚೆಲ್ಲೊಗಳಿಗೆ ಹೊರಿಸಿದರು.

ಕೊಡಗಿನಲ್ಲಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಎರಡನೆಯ ದಾರಿಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲನೆಯದಕ್ಕೆ ಹಾರ್ನ್, ಟ್ರಂಪೆಟ್, ಟಿಂಪನಿ ಎಲ್ಲ ಇರುವ ದೊಡ್ಡ ಆರ್ಕೆಸ್ಟ್ರಾ ಬೇಕು. ಎರಡನೆಯದಕ್ಕೆ ಬೇಕಾದದ್ದು ಶ್ರುತಿಗೆ ಪಳಗಿದ ಕಿವಿ, ಮತ್ತು ಅದು ನಮ್ಮಲ್ಲಿ ಇದ್ದೇ ಇದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಸಿಗುವ ಜನರನ್ನೇ ಕೂಡಿಸಿ 9 ನಿಮಿಷದ ಒಂದು ಕೃತಿಯನ್ನು ಬರೆದು, ಕಲಿಸಿ, ನುಡಿಸುವ ಕ್ರಮ ಇಲ್ಲಿದೆ.

ನಾಲ್ಕು ಮಾತು ತಿಳಿದಿರಲಿ

‘ದಸ್ತ್’ ಎಂದರೆ ಕೈ. ನಮ್ಮ ದಸ್ತಗಿರಿ, ದಸ್ತಾವೇಜುಗಳಲ್ಲಿ ಇರುವುದು ಅದೇ. ‘ಗಾಹ್’ ಎಂದರೆ ಜಾಗ, ದರ್ಗಾದಲ್ಲಿರುವ ‘ಗಾ’. ‘ಚಹಾರ್’ ಅಂದರೆ ನಾಲ್ಕು. ಪರ್ಷಿಯನ್ ಸಂಗೀತದಲ್ಲಿ ಏಳು ದಸ್ತ್‌ಗಾಹ್‌ಗಳು: ಶೂರ್, ಸೆಗಾಹ್, ಚಹಾರ್‌ಗಾಹ್, ಹೊಮಾಯೂನ್, ಮಾಹೂರ್, ನವಾ, ರಾಸ್ತ್-ಪಂಜ್‌ಗಾಹ್. ದಸ್ತ್‌ಗಾಹ್ ಎಂದರೆ ಬರೀ ಸ್ವರಶ್ರೇಣಿಯಲ್ಲ. ಗುಶೆ ಎಂಬ ಸಣ್ಣ ಸಣ್ಣ ರಾಗಖಂಡಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ಸರ ಅದು. ಇಡೀ ಸಂಗ್ರಹಕ್ಕೆ ರದೀಫ್ ಎನ್ನುತ್ತಾರೆ. ಮಿರ್ಜಾ ಅಬ್ದುಲ್ಲಾ ಅವರ ರದೀಫ್ ಇಂದಿಗೂ ಪಾಠದ ಬುನಾದಿ. 2009ರಲ್ಲಿ ಯುನೆಸ್ಕೊ ರದೀಫನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಬರುವ ಗುಶೆ ದರಾಮದ್, ಅಂದರೆ ಪ್ರವೇಶ. ಕೊನೆಗೆ ಷಡ್ಜಕ್ಕೆ ಇಳಿದು ಬರುವ ನಡಿಗೆ ಫೊರೂದ್. ಒಂದು ಗುಶೆ ಯಾವ ಸ್ವರದ ಸುತ್ತ ಸುಳಿಯುತ್ತದೋ ಅದು ಶಾಹೆದ್, ಅಂದರೆ ಸಾಕ್ಷಿ. ನಮ್ಮ ಜೀವಸ್ವರಕ್ಕೆ ಹತ್ತಿರ. ಸಹಜ ಸ್ವರಕ್ಕಿಂತ ಸುಮಾರು ಕಾಲು ಸ್ವರದಷ್ಟು ಇಳಿದದ್ದು ಕೊರೊನ್, ಅಷ್ಟೇ ಏರಿದ್ದು ಸೊರಿ. ಈ ಎರಡು ಚಿಹ್ನೆಗಳನ್ನು ಕೊಟ್ಟವರು ಯುರೋಪಿನಲ್ಲಿ ಕಲಿತು ಟೆಹ್ರಾನಿಗೆ ಮರಳಿದ ಅಲಿ ನಕಿ ವಜೀರಿ. ‘ಕಾಲು ಸ್ವರ’ ಅನ್ನುವುದು ಬರವಣಿಗೆಯ ಅನುಕೂಲಕ್ಕೆ ಮಾತ್ರ, ನುಡಿಸುವಾಗ ಅದು ಸರಿಯಾಗಿ ಕಾಲು ಎಂದು ತಿಳಿದರೆ ಕೆಡುತ್ತದೆ. ಟೆಹ್ರಾನಿನಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಪ್ರಾಧ್ಯಾಪಕರಾದ ಸಂಯೋಜಕ ಹೊರ್ಮೋಜ್ ಫರ್ಹಾತ್, ಅರ್ಧ ಸ್ವರಕ್ಕೂ ಪೂರ್ಣ ಸ್ವರಕ್ಕೂ ನಡುವಿನ ಅಂತರಗಳು ಎರಡು ಬಗೆಯವು ಎಂದು ಗುರುತಿಸಿದರು: ಸುಮಾರು 135 ಸೆಂಟ್ಸ್‌ನದು ಚಿಕ್ಕದು, ಸುಮಾರು 160ರದು ದೊಡ್ಡದು. ಸಪ್ತಕಕ್ಕೆ 1200 ಸೆಂಟ್ಸ್, ಹಾರ್ಮೋನಿಯಮ್‌ನ ಅಕ್ಕಪಕ್ಕದ ಎರಡು ಮನೆಗಳ ನಡುವೆ 100. ಚಹಾರ್‌ಗಾಹ್‌ನಲ್ಲಿ ಷಡ್ಜದಿಂದ ರಿಷಭಕ್ಕೆ ಇರುವುದು ಆ ಚಿಕ್ಕ 135.

ಯಾರು ಯಾರು ಬೇಕು

6 ಪಿಟೀಲು, 2 ವಯೋಲ, 2 ಚೆಲ್ಲೊ, 1 ಡಬಲ್ ಬಾಸ್, 1 ಬಾನ್ಸುರಿ, 1 ಕ್ಲಾರಿನೆಟ್, 1 ಸಂತೂರ್, 1 ತಾಳವಾದ್ಯ. ಇವರ ಜೊತೆಗೆ 8 ಜನ ಹಾಡುವವರು. ಒಟ್ಟು 23.

ಪಿಟೀಲಿಗೆ ಕರ್ನಾಟಕ ಪದ್ಧತಿಯವರೂ ಚರ್ಚಿನಲ್ಲಿ ನುಡಿಸುವವರೂ ಬೆರೆತಿರಲಿ. ಕೊಡಗಿನಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರು ಬಹಳ, ಅವರಲ್ಲಿ ಮಿಲಿಟರಿ ಬ್ಯಾಂಡಿನಲ್ಲಿದ್ದವರನ್ನು ಹುಡುಕಿ. ಸ್ಟಾಫ್ ನೊಟೇಶನ್ ಸಲೀಸಾಗಿ ಓದುವವರು, ಕೈಸನ್ನೆಗೆ ಒಗ್ಗಿದವರು ಅವರು. ಆದರೆ ಕ್ಲಾರಿನೆಟ್‌ಗೆ ಕೊರೊನ್ ಸ್ವರ ಕೊಡಬೇಡಿ. ತುಟಿಯಲ್ಲಿ ಬಗ್ಗಿಸಿದ ಸ್ವರ ನಿಲ್ಲುವುದಿಲ್ಲ. ಷಡ್ಜ, ಪಂಚಮ, ಗಾಂಧಾರಗಳಲ್ಲಿ ಅದು ಚೆನ್ನಾಗಿ ತುಂಬಿಕೊಡುತ್ತದೆ, ಅಷ್ಟು ಸಾಕು.

ಪರ್ಷಿಯನ್ ಸಂತೂರ್‌ಗೆ 18 ಕುದುರೆಗಳು, ಒಂದೊಂದರ ಮೇಲೆ 4 ತಂತಿ, ಒಟ್ಟು 72. ಅದು ಸಿಗುವುದು ಕಷ್ಟ. ಹಿಂದೂಸ್ತಾನಿ ಸಂತೂರ್ ಇದ್ದರೆ ಸಾಲುತ್ತದೆ, ರಿಷಭ ಧೈವತಗಳ ತಂತಿಗಳನ್ನಷ್ಟೇ ಹೊಸದಾಗಿ ಶ್ರುತಿ ಮಾಡಬೇಕು. ಪ್ರದರ್ಶನದ ಹಿಂದಿನ ದಿನವೇ ಎರಡು ಸಲ ಮಾಡಿ, ಮರುದಿನ ಇನ್ನೊಮ್ಮೆ. ಒಂದು ಸ್ವರ ಬದಲಿಸಿದರೆ ಹಲಗೆಯ ಮೇಲಿನ ಒತ್ತಡ ಬದಲಾಗಿ ಪಕ್ಕದ ತಂತಿಗಳೂ ಸರಿಯುತ್ತವೆ, ಅದಕ್ಕೇ ಒಂದೇ ಸಲಕ್ಕೆ ಮುಗಿಯದು. ಸಂತೂರೇ ಸಿಗದಿದ್ದರೆ ಕೀಬೋರ್ಡ್ ಬಳಸಿ. ಹಲವು ಕೀಬೋರ್ಡ್‌ಗಳಲ್ಲಿ ಸ್ಕೇಲ್ ಟ್ಯೂನಿಂಗ್ ಎಂಬ ಸೌಲಭ್ಯವಿದೆ, ಒಂದೊಂದು ಮನೆಯನ್ನೂ −64ರಿಂದ +63 ಸೆಂಟ್ಸ್‌ವರೆಗೆ ಸರಿಸಬಹುದು. ಡಿ ಷಡ್ಜವಾದರೆ ಇ, ಬಿ ಮನೆಗಳನ್ನು −64ಕ್ಕೆ ಇಡಿ. ಬೇಕಾದದ್ದು −65, ಆ ಒಂದು ಸೆಂಟ್ ಯಾರ ಕಿವಿಗೂ ಬೀಳದು. ಹಾರ್ಮೋನಿಯಮ್ ಮಾತ್ರ ಬೇಡವೇ ಬೇಡ. ಅಭ್ಯಾಸದ ಕೋಣೆಯಲ್ಲೂ ಇರಬಾರದು, ಯಾರೋ ಒಬ್ಬರು ಅದರ ರಿಷಭ ಹಿಡಿದುಬಿಡುತ್ತಾರೆ.

ತಾಳಕ್ಕೆ ತೊಂಬಕ್ ಎಂಬ ಪರ್ಷಿಯನ್ ಚರ್ಮವಾದ್ಯ ಬೇಕು. ನಡುವೆ ಹೊಡೆದರೆ ‘ತೊಂ’, ಅಂಚಿಗೆ ‘ಬಕ್’, ಬೆರಳುಗಳನ್ನು ಒಂದರ ಹಿಂದೊಂದು ಉರುಳಿಸಿದರೆ ‘ರೀಜ್’. ಅದಿಲ್ಲದಿದ್ದರೆ ಅದೇ ಆಕಾರದ ಅರಬ್ ವಾದ್ಯ ದರ್ಬುಕಾ ತರಿಸಿ ಬೆರಳಿನಲ್ಲಿ ನುಡಿಸಬಹುದು. ಮೃದಂಗದ ಬಲಗಡೆ ತನ್ನದೇ ಷಡ್ಜ ಮೊಳಗಿಸುತ್ತದೆ, ಗುಶೆ ಬದಲಾದಾಗ ಅದು ಅಡ್ಡ ಬರುತ್ತದೆ. ಕೊಡಗು ಎಂದ ಕೂಡಲೇ ದುಡಿ ಸೇರಿಸೋಣ ಎಂಬ ಸಲಹೆ ಬಂದೇ ಬರುತ್ತದೆ. ದುಡಿ ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್‌ನ ತಾಳವಾದ್ಯ. ಹಾಡುವ ನಾಲ್ವರ ಕೈಯಲ್ಲೂ ಅದು ಇರುತ್ತದೆ, ಹಾಡಿನ ಉಸಿರಿನ ಜೊತೆಗೇ ಅದರ ಪೆಟ್ಟು. ಅದನ್ನು ಕಿತ್ತು ತಂದು ಇಲ್ಲಿ ಅಲಂಕಾರಕ್ಕೆ ಇಡುವುದು ಎರಡು ಸಂಪ್ರದಾಯಕ್ಕೂ ಮಾಡುವ ಅನ್ಯಾಯ. ಬಾಳೋಪಾಟ್‌ನವರನ್ನು ಕರೆಯುವುದಾದರೆ ಅದೇ ಸಂಜೆ ಅವರದೇ ಹಾಡಿಗೆ ಪೂರಾ ಸಮಯ ಕೊಟ್ಟು ಕರೆಯಿರಿ.

ಕೊರೊನ್ ಕೂರಿಸುವುದು

ಷಡ್ಜ ಡಿ ಇರಲಿ. ಇದಕ್ಕೆ ಬಲವಾದ ಕಾರಣವಿದೆ. ಪಿಟೀಲಿನ ಜಿ, ಡಿ, ಎ ತಂತಿಗಳು ಆಗ ಮಧ್ಯಮ, ಷಡ್ಜ, ಪಂಚಮಗಳಾಗಿ ತಾವಾಗಿಯೇ ಅನುರಣಿಸುತ್ತವೆ. ಸ್ವರಗಳು ಹೀಗೆ: ಡಿ, ಇ ಕೊರೊನ್, ಎಫ್ ಶಾರ್ಪ್, ಜಿ, ಎ, ಬಿ ಕೊರೊನ್, ಸಿ ಶಾರ್ಪ್, ಮೇಲಿನ ಡಿ. ತೊಂದರೆ ಕೊಡುವುದು ಇ ತಂತಿ ಒಂದೇ. ತೆರೆದು ನುಡಿಸಿದರೆ ಅದು ಚತುಶ್ರುತಿ ರಿಷಭ, ಈ ದಸ್ತ್‌ಗಾಹ್‌ನಲ್ಲಿ ಇಲ್ಲದ ಸ್ವರ. ಹಾಗಾಗಿ 6 ಪಿಟೀಲುಗಳಲ್ಲೂ ಇ ತಂತಿಯನ್ನು ಡಿಗೆ ಇಳಿಸಿಬಿಡಿ. ತಂತಿ ಸ್ವಲ್ಪ ಸಡಿಲವಾಗುತ್ತದೆ, ಬಿಲ್ಲನ್ನು ಹಗುರವಾಗಿ ಎಳೆದರೆ ಸಾಕು. ಲಾಭ ದೊಡ್ಡದು: ಎರಡೂ ಡಿ ತಂತಿಗಳ ಮೇಲೆ ಬೆರಳಿನ ಜಾಗ ಒಂದೇ.

ಈಗ ಅಳತೆ. ಪೂರ್ಣ ಗಾತ್ರದ ಪಿಟೀಲಿನಲ್ಲಿ ಮೇಲಿನ ನಟ್‌ನಿಂದ (ಬೆರಳಹಲಗೆಯ ತುದಿಯಲ್ಲಿ ತಂತಿ ಹಾಯುವ ಅಡ್ಡಪಟ್ಟಿ) ಕುದುರೆಯವರೆಗೆ ತಂತಿ ಸುಮಾರು 328 ಮಿ.ಮೀ. ಶುದ್ಧ ರಿಷಭ, ಅಂದರೆ ಇ ಫ್ಲಾಟ್, ನಟ್‌ನಿಂದ 18.4 ಮಿ.ಮೀ. ದೂರ. ಚತುಶ್ರುತಿ ರಿಷಭ 35.8. ಇ ಕೊರೊನ್ 24.6. ಕೊರೊನ್ ಸರಿ ನಡುವಲ್ಲಿ ಇಲ್ಲ, ಕೆಳಗಿನದಕ್ಕೆ 6, ಮೇಲಿನದಕ್ಕೆ 11 ಮಿ.ಮೀ. ಅಂತರದಲ್ಲಿದೆ ಎಂಬುದನ್ನು ಗಮನಿಸಿ. ಚೆಲ್ಲೊದಲ್ಲಿ ತಂತಿ ಸುಮಾರು 690 ಮಿ.ಮೀ. ಇರುವುದರಿಂದ ಇವೇ ಮೂರು ಜಾಗಗಳು ಕ್ರಮವಾಗಿ 38.7, 75.3, 51.8 ಆಗುತ್ತವೆ. ಮೊದಲ ಎರಡು ವಾರ 24.6ರಲ್ಲಿ ಬೆರಳಹಲಗೆಯ ಮೇಲೆ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿ. ಮೂರನೆಯ ವಾರ ಕಿತ್ತುಹಾಕಿ, ಕಣ್ಣು ಅದಕ್ಕೆ ಅಂಟಿಕೊಂಡರೆ ಕಿವಿ ಕೆಲಸ ನಿಲ್ಲಿಸುತ್ತದೆ.

ಗಾಂಧಾರ ಸುಮಾರು 68 ಮಿ.ಮೀ. ದೂರದಲ್ಲಿದೆ. ಅಂದರೆ ರಿಷಭಕ್ಕೂ ಗಾಂಧಾರಕ್ಕೂ ನಡುವೆ 43 ಮಿ.ಮೀ. ಮಾಮೂಲಿ ಮೇಜರ್ ಸ್ಕೇಲಿನಲ್ಲಿ ಒಂದನೆಯ, ಎರಡನೆಯ ಬೆರಳುಗಳ ನಡುವೆ 32 ಸಾಕಾಗುತ್ತಿತ್ತು. ಕೈ ಚಿಕ್ಕದಿರುವವರು ಎರಡನೆಯ ಬೆರಳನ್ನು ಅಷ್ಟು ದೂರ ಚಾಚಿದಾಗ ಒಂದನೆಯ ಬೆರಳೂ ಅದರ ಹಿಂದೆ ಮೇಲಕ್ಕೆ ಜಾರುತ್ತದೆ, ಕೊರೊನ್ ಅರಿವಿಲ್ಲದೆ ಚತುಶ್ರುತಿಯ ಕಡೆಗೆ ಹೋಗುತ್ತದೆ. ಪರಿಹಾರ: ಗಾಂಧಾರಕ್ಕೆ ಮೂರನೆಯ ಬೆರಳು, ಮಧ್ಯಮಕ್ಕೆ ನಾಲ್ಕನೆಯದು.

ಕಿವಿಗೆ ಆಧಾರ ಬೇಕಲ್ಲ. ಡಿ 293.7 ಹರ್ಟ್ಸ್ ಇದ್ದರೆ ಇ ಕೊರೊನ್ 317.5, ಎ 440 ಇದ್ದರೆ ಬಿ ಕೊರೊನ್ 475.7. ಟೋನ್ ಜನರೇಟರ್ ಆ್ಯಪ್‌ನಲ್ಲಿ ಇವನ್ನು ಹಾಕಿಟ್ಟುಕೊಳ್ಳಿ. ಟ್ಯೂನರ್‌ಗೆ ನುಡಿಸಿದರೆ ಅದು ‘ಇ ಫ್ಲಾಟ್, +35’ ಎಂದು ತೋರಿಸುತ್ತದೆ. ಅದು ತಪ್ಪಲ್ಲ, ನಿಮಗೆ ಬೇಕಾದದ್ದೇ ಅದು. ಅಭ್ಯಾಸದ ಮೊದಲ 15 ನಿಮಿಷ ಹೀಗೆ ಹೋಗಲಿ: ತಂಬೂರಿ ಷಡ್ಜ-ಪಂಚಮದಲ್ಲಿ ನಡೆಯುತ್ತಿರಲಿ, ಎಲ್ಲರೂ ವಾದ್ಯ ಕೆಳಗಿಟ್ಟು ‘ಆ’ಕಾರದಲ್ಲಿ ಷಡ್ಜ ಹಾಡಲಿ, ಶುದ್ಧ ರಿಷಭಕ್ಕೆ ಹೋಗಲಿ, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಜಾರುತ್ತ ಆ್ಯಪ್‌ನ ಸ್ವರದ ಜೊತೆ ಸೇರಿ ನಿಲ್ಲಲಿ. ಸ್ವರ ಕೂಡಿದ ಕ್ಷಣದಲ್ಲಿ ಎರಡರ ನಡುವಿನ ಅಲುಗಾಟ ನಿಂತುಹೋಗುತ್ತದೆ. ಆಮೇಲೆ ಆ್ಯಪ್ ನಿಲ್ಲಿಸಿ ತಂಬೂರಿಯ ಮೇಲೆ ಮಾತ್ರ ಹಿಡಿಯಬೇಕು. ಮೊದಲ ವಾರ ಹತ್ತಕ್ಕೆ ಎಂಟು ಸಲ ತಪ್ಪುತ್ತದೆ, ಬಿಡಬೇಡಿ.

ಒಂಟಿಯಾಗಿ ಅಭ್ಯಾಸ ಮಾಡುವಾಗ ಪಿಟೀಲಿನವರಿಗೆ ಇನ್ನೊಂದು ಪರೀಕ್ಷೆ. ಇ ಕೊರೊನ್‌ಗೂ ಬಿ ಕೊರೊನ್‌ಗೂ ನಡುವೆ ಇರುವುದು ಷಡ್ಜ-ಪಂಚಮ ಭಾವ. ಒಂದನೆಯ ಬೆರಳನ್ನು ಡಿ, ಎ ಎರಡೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಒಟ್ಟಿಗೆ ಬಿಲ್ಲೆಳೆಯಿರಿ. ಕಂಪನವಿಲ್ಲದೆ ನಿಂತರೆ ಎರಡೂ ಒಂದಕ್ಕೊಂದು ಸರಿ ಇವೆ. ಎತ್ತರ ಸರಿಯಿದೆಯೇ ಎಂಬುದನ್ನು ಇದು ಹೇಳದು, ಅದಕ್ಕೆ 317.5ರ ಹತ್ತಿರವೇ ಹೋಗಬೇಕು.

ತಪ್ಪುವ ರೀತಿಯಲ್ಲೂ ಒಂದು ಕ್ರಮವಿದೆ. ಪಾಶ್ಚಾತ್ಯ ಪದ್ಧತಿಯವರು ಏರುವಾಗ ಕೊರೊನನ್ನು ಮೇಲಕ್ಕೆ ತಳ್ಳುತ್ತಾರೆ, ಕರ್ನಾಟಕ ಪದ್ಧತಿಯವರು ಇಳಿಯುವಾಗ ಷಡ್ಜದ ಕಡೆಗೆ ಎಳೆಯುತ್ತಾರೆ. ಮಾಯಾಮಾಳವಗೌಳದ ರಿಷಭಕ್ಕೆ ಗಮಕ ಕೊಟ್ಟು ಅಭ್ಯಾಸವಾದ ಬೆರಳು ಇಲ್ಲಿ ಸುಮ್ಮನೆ ನಿಲ್ಲಲು ಒಲ್ಲೆ ಅನ್ನುತ್ತದೆ. ಪಾಶ್ಚಾತ್ಯರ ವಿಬ್ರಾಟೊ ಕೂಡ ಅಷ್ಟೇ ಅಪಾಯ. ಬೆರಳು 20–30 ಸೆಂಟ್ಸ್ ಅತ್ತಿತ್ತ ಆಡಿದರೆ, ಬರೀ 35 ಸೆಂಟ್ಸ್ ಕೆಳಗಿರುವ ಶುದ್ಧ ರಿಷಭಕ್ಕೂ ಕೊರೊನ್‌ಗೂ ವ್ಯತ್ಯಾಸ ಉಳಿಯುವುದಿಲ್ಲ. ರಿಷಭ, ಧೈವತಗಳ ಮೇಲೆ ಗಮಕವೂ ಬೇಡ, ವಿಬ್ರಾಟೊವೂ ಬೇಡ ಎಂದು ಸ್ವರಪತ್ರದಲ್ಲೇ ಬರೆಯಿರಿ. ಅಲಂಕಾರಕ್ಕೆ ತಹ್ರೀರ್ ಇದೆ: ಮುಖ್ಯ ಸ್ವರ, ಅದರ ಮೇಲಿನ ಸ್ವರದ ಒಂದು ಮಿಂಚು, ಮತ್ತೆ ಮುಖ್ಯ ಸ್ವರ. ಹಾಡುವಾಗ ಗಂಟಲು ಆ ಮಿಂಚಿನಲ್ಲಿ ಕ್ಷಣ ಒಡೆಯುತ್ತದೆ. ಪಿಟೀಲಿನಲ್ಲಿ ಮೇಲಿನ ಬೆರಳನ್ನು ತಂತಿಗೆ ತಾಗಿಸಿ ತೆಗೆದರೆ ಸಾಕು, ಒತ್ತಬಾರದು.

ಸ್ವರಪತ್ರ ಎರಡು ಬಗೆಯಲ್ಲಿ ಬೇಕು, ಸ್ಟಾಫ್ ನೊಟೇಶನ್ ಮತ್ತು ಕನ್ನಡ ಸರಿಗಮ. ಸ್ಟಾಫ್‌ನಲ್ಲಿ ಕೊರೊನ್ ಚಿಹ್ನೆ ಕಂಬಕ್ಕೆ ಕಟ್ಟಿದ ತ್ರಿಕೋನ ಬಾವುಟದಂತಿರುತ್ತದೆ. ಕನ್ನಡದಲ್ಲಿ ರಿ, ಧ ಅಕ್ಷರಗಳ ಮೇಲೆ ಅದೇ ಬಾವುಟವನ್ನು ಕೆಂಪು ಶಾಯಿಯಲ್ಲಿ ಹಾಕಿ.

ಬರೆಯುವುದು

ಬರೆಯಲು ಕೂರುವ ಮುಂಚೆ ಚಹಾರ್‌ಗಾಹ್‌ನ ದರಾಮದನ್ನು ಒಬ್ಬರೇ ನುಡಿಸಿದ ಧ್ವನಿಮುದ್ರಿಕೆಯಲ್ಲಿ 20 ಸಲವಾದರೂ ಕೇಳಿ. ನೂರ್ ಅಲಿ ಬೊರೂಮಂದ್ ನುಡಿಸಿದ ಮಿರ್ಜಾ ಅಬ್ದುಲ್ಲಾ ರದೀಫ್ ಇದಕ್ಕೆ ತಕ್ಕದ್ದು. ಆರ್ಕೆಸ್ಟ್ರಾ ಸೇರಿಸಿದ ಮುದ್ರಿಕೆಗಳನ್ನು ಆಮೇಲೆ ಕೇಳಬಹುದು.

9 ನಿಮಿಷಗಳನ್ನು ಹೀಗೆ ಹಂಚಿ. ಮೊದಲು 40 ಸೆಕೆಂಡ್ ಚೆಲ್ಲೊ, ಬಾಸ್‌ಗಳ ಷಡ್ಜ-ಪಂಚಮ ಮಾತ್ರ. 2 ನಿಮಿಷ ತಾಳವಿಲ್ಲದ ದರಾಮದ್, ಬಾನ್ಸುರಿಯಲ್ಲಿ. ಒಂದೂವರೆ ನಿಮಿಷ ಚಹಾರ್‌ಮೆಜ್ರಾಬ್, ಅಂದರೆ ಒಂದೇ ಸಣ್ಣ ಲಯದ ಮಾದರಿ ಹಿಡಿದು ಓಡುವ ವೇಗದ ಭಾಗ, ಸಂತೂರ್ ಮುಂದಾಳು. 80 ಸೆಕೆಂಡ್ ಜಾಬೊಲ್ ಎಂಬ ಗುಶೆ, ಅದರ ಶಾಹೆದ್ ಗಾಂಧಾರ, ಇದು ಹಾಡುವವರದು. ಒಂದೂವರೆ ನಿಮಿಷ ತಂತಿವಾದ್ಯಗಳ ಕ್ಯಾನನ್, ಅಂದರೆ ಒಂದು ದನಿಯ ನುಡಿಯನ್ನು ಇನ್ನೊಂದು ತಡವಾಗಿ ಹಿಂಬಾಲಿಸುವ ಭಾಗ, ಅದರ ತುದಿಯಲ್ಲಿ ಹೆಸಾರ್ ಗುಶೆ. ಇನ್ನೊಂದೂವರೆ ನಿಮಿಷ ರೆಂಗ್ ಎಂಬ ಕುಣಿತದ ಲಯ. ಉಳಿದ 30 ಸೆಕೆಂಡ್ ಫೊರೂದ್.

ಹೆಸಾರ್‌ನ ಶಾಹೆದ್ ಪಂಚಮ, ಅಲ್ಲಿ ಮಧ್ಯಮ ಏರುತ್ತದೆ. ಅಲ್ಲಿಗೆ ಬರುವ ಎರಡು ಉಸಿರು ಮುಂಚೆಯೇ ತೆರೆದ ಜಿ ತಂತಿ ಎಲ್ಲರಲ್ಲೂ ನಿಂತಿರಬೇಕು. ಚೆಲ್ಲೊದ ಜಿ ಇನ್ನೂ ಮೊಳಗುತ್ತಿದ್ದರೆ ಏರಿದ ಮಧ್ಯಮ ಅಪಸ್ವರವಾಗಿಯೇ ಕೇಳುತ್ತದೆ, ತಪ್ಪು ಆ ಸ್ವರ ನುಡಿಸುವವರದು ಎಂದು ಎಲ್ಲರೂ ಅವರನ್ನೇ ನೋಡುತ್ತಾರೆ.

ಹಾರ್ಮನಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದೇ ಇಡೀ ಬರವಣಿಗೆಯ ಮುಖ್ಯ ತೀರ್ಮಾನ. ರಿಷಭ, ಧೈವತಗಳನ್ನು ಯಾವ ಕಾರ್ಡ್‌ನಲ್ಲೂ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲೂ, ಇಡಬೇಡಿ. ಮೂರು ಸ್ವರದ ಕಾರ್ಡ್‌ನಲ್ಲಿ ಕೊರೊನ್ ಬಂದ ಕೂಡಲೇ ಕಂಪನ ಶುರುವಾಗುತ್ತದೆ, ನುಡಿಸುವವರು ತಾವೇ ತಪ್ಪಿದೆವು ಎಂದುಕೊಂಡು ಸ್ವರವನ್ನು ‘ಸರಿ’ಪಡಿಸುತ್ತಾರೆ, ಒಂದೇ ನಿಮಿಷದಲ್ಲಿ ಇಡೀ ವೃಂದ ಮಾಯಾಮಾಳವಗೌಳಕ್ಕೆ ಇಳಿದಿರುತ್ತದೆ. ಕೊರೊನ್ ಬಂದಾಗ ಅದರ ಕೆಳಗೆ ಷಡ್ಜ-ಪಂಚಮ ಮಾತ್ರ ಇರಲಿ, ಇಲ್ಲವೇ ಎಲ್ಲರೂ ಅದೇ ಸ್ವರದಲ್ಲಿರಲಿ.

ಹಾಗಾದರೆ ಆರ್ಕೆಸ್ಟ್ರಾದ ದಟ್ಟಣೆ ಎಲ್ಲಿಂದ ಬರಬೇಕು? ಇಲ್ಲಿ ಚಹಾರ್‌ಗಾಹ್ ಒಂದು ವರ ಕೊಟ್ಟಿದೆ. ಅದರ ಕೆಳಗಿನ ಅರ್ಧ ಸರಿಗಮ, ಮೇಲಿನ ಅರ್ಧ ಪಧನಿಸ. ಎರಡರಲ್ಲೂ ಅಂತರಗಳು ಒಂದೇ: ಸುಮಾರು 135, 270, 90. ಹಾಗಾಗಿ ಒಂದನೆಯ ಪಿಟೀಲು ಷಡ್ಜದಿಂದ ಎತ್ತಿದ ನಾಲ್ಕು ಸ್ವರದ ನುಡಿಯನ್ನು ಎರಡನೆಯ ಪಿಟೀಲು ಪಂಚಮದಿಂದ ಎತ್ತಿದರೆ ಹೊಸ ಸ್ವರ ಒಂದೂ ಬೇಕಿಲ್ಲ, ಬೆರಳುಗಳೂ ಪಕ್ಕದ ತಂತಿಯ ಮೇಲೆ ಅದೇ ಜಾಗಕ್ಕೆ ಬೀಳುತ್ತವೆ. ಹೀಗೆ ಪಾಶ್ಚಾತ್ಯ ಸಂಗೀತದ ಹಳೆಯ ಕ್ಯಾನನ್ ತಂತ್ರ ದಸ್ತ್‌ಗಾಹ್‌ಗೆ ಗೀರು ಬೀಳಿಸದೆ ಕೂಡುತ್ತದೆ. ಎರಡನೆಯ ದನಿ ಒಂದನೆಯದಕ್ಕಿಂತ 3 ಮಾತ್ರೆ ತಡವಾಗಿ ಬರಲಿ. ಒಂದು ದನಿ ಕೊರೊನ್ ಮೇಲೆ ನಿಂತಾಗ ಇನ್ನೊಂದು ಷಡ್ಜ, ಪಂಚಮ ಅಥವಾ ಅದರದೇ ಜೋಡಿ ಕೊರೊನ್ ಮೇಲೆ ಇದೆಯೇ ಎಂದು ಸ್ವರಪತ್ರದ ಪ್ರತಿ ಬಾರ್‌ನಲ್ಲೂ ಪರೀಕ್ಷಿಸಿ. ವಯೋಲಗಳು ಕ್ಯಾನನ್‌ಗೆ ಸೇರದೆ ಒಂದನೆಯ ಪಿಟೀಲಿನ ಎಳೆಯನ್ನೇ ಅರ್ಧ ಮಾತ್ರೆ ಹಿಂದೆ, ಮೆಲ್ಲಗೆ, ನೆರಳಿನಂತೆ ಹಿಂಬಾಲಿಸಲಿ.

ರೆಂಗ್ 6/8ರಲ್ಲಿ ಬರೆಯಿರಿ. ಬಾಯಲ್ಲಿ ಕಲಿಸುವಾಗ ‘ತಕಿಟ ತಕಿಟ’. ನಡುನಡುವೆ ಅದೇ ಆರು ಮಾತ್ರೆ ‘ತಕ ತಕ ತಕ’ ಆಗಿ ತಿರುಗಬೇಕು, ರೆಂಗ್‌ನ ಜೀವ ಆ ತಿರುವಿನಲ್ಲಿದೆ. ಬಾಸ್ ಮೂರರಲ್ಲೇ ನಿಂತು ಪಿಟೀಲು ಎರಡಕ್ಕೆ ತಿರುಗಿದರೆ ಇನ್ನೂ ಚೆಂದ.

ತಾಳವಿಲ್ಲದಲ್ಲಿ ಕೈ ತೋರಿಸುವುದು

ದರಾಮದ್‌ಗೆ ತಾಳವಿಲ್ಲ ಎಂದ ಮಾತ್ರಕ್ಕೆ ಆಕಾರವಿಲ್ಲ ಎಂದಲ್ಲ. ಆವಾಜ್‌ನ, ಅಂದರೆ ತಾಳವಿಲ್ಲದ ಗಾಯನದ, ಉಸಿರು ಪರ್ಷಿಯನ್ ಕಾವ್ಯದ ಛಂದಸ್ಸಿನಿಂದ ಬಂದದ್ದು, ಆ ಛಂದಸ್ಸು ನಮ್ಮ ವೃತ್ತಗಳಂತೆ ಗುರು-ಲಘುಗಳ ಮೇಲೆ ನಿಂತಿದೆ. ಶಾಹ್‌ನಾಮೆಯ ಛಂದಸ್ಸನ್ನೇ ನೋಡಿ: ಲಘು-ಗುರು-ಗುರು ಮೂರು ಸಲ, ಕೊನೆಗೆ ಲಘು-ಗುರು. ಅಂದರೆ ಮೂರು ಯಗಣ, ಅದರ ಮೇಲೆ ಒಂದು ‘ಲಗಂ’. ನಾಲ್ಕು ಯಗಣದ ಭುಜಂಗಪ್ರಯಾತದಿಂದ ಕೊನೆಯ ಗುರುವೊಂದನ್ನು ತೆಗೆದರೆ ಅದೇ. ಬಾನ್ಸುರಿಯವರಿಗೆ ಸ್ವರ ಕೊಡುವ ಮುಂಚೆ ಈ ನಡೆಯನ್ನು ಬಾಯಲ್ಲಿ ಹೇಳಿಸಿ, ಆಮೇಲೆ ಅದರ ಮೇಲೆ ಸ್ವರ ಕೂರಿಸಿ. ಗುರುವಿಗೆ ಲಘುವಿನ ಎರಡರಷ್ಟು ಎಂದು ಗಡಿಯಾರ ಹಿಡಿಯಬೇಡಿ, ಗುರು ತನಗೆ ಬೇಕಾದಷ್ಟು ಹಿಗ್ಗಲಿ.

ಇಲ್ಲಿ ನಿರ್ದೇಶಕರು ಕೋಲು ಬೀಸುತ್ತಿದ್ದರೆ ನುಡಿಸುವವರು ಇಲ್ಲದ ತಾಳವನ್ನು ಹುಡುಕುತ್ತಾರೆ. ಬಲಗೈ ಇಳಿಸಿ. ಆಧಾರ ಶ್ರುತಿ ಬದಲಾಗುವ ಜಾಗಗಳಿಗೆ 1ರಿಂದ 7ರವರೆಗೆ ಸಂಖ್ಯೆ ಹಾಕಿ, ಎಡಗೈ ಬೆರಳುಗಳಲ್ಲಿ ಸಂಖ್ಯೆ ತೋರಿಸಿ, ಆಮೇಲೆ ಒಂದೇ ಒಂದು ಸಣ್ಣ ಸನ್ನೆ. ಐದಕ್ಕಿಂತ ಮೇಲಿನ ಸಂಖ್ಯೆಗೆ ಎರಡೂ ಕೈ. ಬಾನ್ಸುರಿಯವರು ನಿರ್ದೇಶಕರನ್ನು ನೋಡಬೇಕಿಲ್ಲ, ನಿರ್ದೇಶಕರು ಅವರ ಉಸಿರನ್ನು ನೋಡಬೇಕು. ಚಹಾರ್‌ಮೆಜ್ರಾಬ್‌ಗೆ ಕೋಲು ಎತ್ತುವುದು ಬಾನ್ಸುರಿಯ ಕೊನೆಯ ಷಡ್ಜ ಪೂರ್ತಿ ಆರಿದ ಮೇಲೆ.

ಬಾನ್ಸುರಿಯಲ್ಲಿ ಕೊರೊನ್ ಮೂರನೆಯ ರಂಧ್ರದ ಕೆಲಸ. ಶುದ್ಧ ರಿಷಭಕ್ಕೆ ಅರ್ಧ ತೆರೆಯುವವರು ಇಲ್ಲಿ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು ತೆರೆಯಬೇಕು. ಊದುವ ಕೋನ ಬದಲಿಸಿ ಹೊಂದಿಸಿಕೊಂಡರೆ ದನಿಯ ಬಣ್ಣ ಕೆಡುತ್ತದೆ, ಬೆರಳಿನಲ್ಲೇ ಹೊಂದಿಸಿ.

ಮಳೆ, ಚಳಿ, ಕಾಫಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರದರ್ಶನ ಇಟ್ಟುಕೊಳ್ಳಬೇಡಿ. ಶೀಟಿನ ಚಾವಣಿಯ ಮೇಲೆ ಬೀಳುವ ಮಳೆಯಲ್ಲಿ ದರಾಮದ್ ಕೇಳಿಸುವುದೇ ಇಲ್ಲ. ಬಿರಡೆಗಳು ಉಬ್ಬಿ ತಿರುಗುವುದಿಲ್ಲ, ತೊಂಬಕ್‌ನ ಚರ್ಮ ತೇವ ಹೀರಿ ಸಡಿಲವಾಗಿ ಸ್ವರ ಇಳಿಯುತ್ತದೆ. ಆದರೆ ಕಲಿಕೆಗೆ ಈ ನಾಲ್ಕು ತಿಂಗಳೇ ಒಳ್ಳೆಯವು, ತೋಟದ ಕೆಲಸ ಆಗ ಕಡಿಮೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, 15 ದಿನಕ್ಕೊಮ್ಮೆ ಒಣಗಿಸಿ ಮತ್ತೆ ಇಡಿ. ತೇವಕ್ಕೆ ಹೆದರಿ ವಾದ್ಯವನ್ನು ಅಡುಗೆಮನೆಯ ಅಟ್ಟದ ಮೇಲೆ ಇಡುವ ಅಭ್ಯಾಸ ಕೆಲವರಿಗಿದೆ. ಅಲ್ಲಿನ ಹೊಗೆ ಮತ್ತು ಏರಿಳಿಯುವ ಬಿಸಿಗೆ ಪಿಟೀಲಿನ ಅಂಟು ಬಿಡುತ್ತದೆ. ಚರ್ಮವನ್ನು ಬಿಗಿ ಮಾಡಲು ಹೇರ್ ಡ್ರೈಯರ್ ಹಿಡಿಯುವುದಾದರೆ 30 ಸೆಂ.ಮೀ. ದೂರದಿಂದ, ಒಂದೇ ಕಡೆ ನಿಲ್ಲಿಸದೆ.

ನವೆಂಬರ್ ಬಂದರೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಅರ್ಧ ಜನ ತೋಟದಲ್ಲಿರುತ್ತಾರೆ. ಆಗ ಅಭ್ಯಾಸ ಸಂಜೆ ಆರೂವರೆಯ ನಂತರವೇ, ವಾರಕ್ಕೆರಡು ಸಲ, 90 ನಿಮಿಷಕ್ಕೆ ಮೀರದಂತೆ. ಮಳೆಗಾಲದಲ್ಲಿ ಕೊರೊನ್ ಕೂತಿದ್ದರೆ ಅಕ್ಟೋಬರ್‌ನಿಂದ 8 ವಾರ ಸಾಕು, ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಆಸುಪಾಸಿನಲ್ಲಿ ಪ್ರದರ್ಶನ ಮಾಡಬಹುದು. ಪುತ್ತರಿಯ ದಿನವನ್ನೇ ಮಾತ್ರ ಆರಿಸಿಕೊಳ್ಳಬೇಡಿ, ಯಾರೂ ಐನ್‌ಮನೆ (ಮನೆತನದ ಮೂಲ ಮನೆ) ಬಿಟ್ಟು ಬರಲಾರರು.

ಡಿಸೆಂಬರ್‌ನ ಚಳಿಗೆ ಇನ್ನೊಂದು ಲೆಕ್ಕವಿದೆ. ಗಾಳಿ ತಣ್ಣಗಾದಂತೆ ಕೊಳಲಿನ ಸ್ವರ ಒಂದು ಡಿಗ್ರಿಗೆ ಸುಮಾರು 3 ಸೆಂಟ್ಸ್ ಇಳಿಯುತ್ತದೆ. ಹಗಲು 25 ಡಿಗ್ರಿಯಲ್ಲಿ ಶ್ರುತಿ ನೋಡಿ ರಾತ್ರಿ 15ರಲ್ಲಿ ವೇದಿಕೆ ಹತ್ತಿದರೆ 30 ಸೆಂಟ್ಸ್ ತನಕ ವ್ಯತ್ಯಾಸ. ಊದುವವರ ಉಸಿರಿನ ಬಿಸಿ ಅದರಲ್ಲಿ ಒಂದಿಷ್ಟನ್ನು ತುಂಬಿಕೊಡುತ್ತದೆ, ಪೂರ್ತಿ ಅಲ್ಲ. ಕೊರೊನ್‌ಗೂ ಶುದ್ಧ ರಿಷಭಕ್ಕೂ ಇರುವುದೇ 35 ಸೆಂಟ್ಸ್ ಎಂಬುದು ನೆನಪಿರಲಿ. ತಂತಿಗಳು ಚಳಿಗೆ ಇದರ ತದ್ವಿರುದ್ಧವಾಗಿ ಮೇಲೇರುತ್ತವೆ. ವೇದಿಕೆಗೆ ಬರುವ 20 ನಿಮಿಷ ಮುಂಚೆ ಬಾನ್ಸುರಿಯನ್ನು ಕೋಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ತಂತಿಗಳನ್ನು ಬಾನ್ಸುರಿಗೇ ಶ್ರುತಿ ಮಾಡಿ. ಬಾನ್ಸುರಿಯನ್ನು ತಂತಿಗೆ ಹೊಂದಿಸಲು ಆಗುವುದಿಲ್ಲ.

ಸಭಾಂಗಣದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಗಟ್ಟಿ ನೆಲ, ಎತ್ತರದ ಚಾವಣಿಯ ಕಲ್ಯಾಣ ಮಂಟಪಗಳಲ್ಲಿ ಸದ್ದು 2 ಸೆಕೆಂಡಿಗಿಂತ ಹೆಚ್ಚು ಉಳಿಯುತ್ತದೆ. ಅಂಥ ಕಡೆ ಚಹಾರ್‌ಮೆಜ್ರಾಬ್‌ನ ವೇಗವನ್ನು ಅಭ್ಯಾಸದಲ್ಲಿದ್ದುದಕ್ಕಿಂತ ಹತ್ತರಲ್ಲೊಂದು ಪಾಲು ಇಳಿಸಿ, ಇಲ್ಲವಾದರೆ ಸಂತೂರ್‌ನ ಒಂದು ಪೆಟ್ಟು ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಚರ್ಚ್ ಸಿಕ್ಕರೆ ಹಾಡುವ ಭಾಗಕ್ಕೆ ಬಲು ಒಳ್ಳೆಯದು, ರೆಂಗ್‌ಗೆ ಅಷ್ಟು ಸರಿಬರದು. ಕರೆಂಟ್ ಹೋಗುವುದನ್ನು ಲೆಕ್ಕದಲ್ಲಿಟ್ಟುಕೊಂಡು ಸ್ವರಪತ್ರ ಕಾಗದದಲ್ಲೇ ಇರಲಿ, ಪ್ರತಿ ಸ್ಟ್ಯಾಂಡಿಗೂ ಬ್ಯಾಟರಿ ದೀಪ ಇರಲಿ, ತಂಬೂರಿ ಆ್ಯಪ್ ಇರುವ ಫೋನ್ ಪೂರ್ತಿ ಚಾರ್ಜ್ ಆಗಿರಲಿ.

ಕೃತಿ ಶುರುವಾಗುವ ಮುಂಚೆ ಕೇಳುಗರಿಗೆ ಮೂರು ನಿಮಿಷ ಕೊಡಿ. ಒಬ್ಬರು ಷಡ್ಜ ಹಿಡಿದು ಮಾಯಾಮಾಳವಗೌಳದ ಸರಿಗಮ ಹಾಡಲಿ, ಕೂಡಲೇ ಚಹಾರ್‌ಗಾಹ್‌ನ ಸರಿಗಮ ಹಾಡಲಿ, ಇದನ್ನೇ ಇನ್ನೆರಡು ಸಲ. ವಿವರಣೆಯ ಮಾತು ಇಷ್ಟೇ ಸಾಕು: ಮೇಲೆತ್ತಿದ ಈ ರಿಷಭ ತಪ್ಪಿದ್ದಲ್ಲ, ಅದರ ಜಾಗವೇ ಅದು.

ಫೊರೂದ್‌ನ ಕೊನೆಯ ಸಾಲಿನಲ್ಲಿ ಗಾಂಧಾರದಿಂದ ಕೊರೊನ್ ರಿಷಭಕ್ಕೆ ಇಳಿದು, ಅಲ್ಲಿ ಒಂದು ಪೂರ್ಣ ಉಸಿರು ನಿಂತು ಷಡ್ಜಕ್ಕೆ ಬರಬೇಕು. ಎಲ್ಲರೂ ಅವಸರಪಡುವ ಜಾಗ ಇದು, ಬೇರೆಯಾಗಿ 20 ಸಲ ಅಭ್ಯಾಸ ಮಾಡಿಸಿ. ಷಡ್ಜಕ್ಕೆ ಬಂದ ಮೇಲೆ ಮೊದಲು ಹಾಡುವವರು ನಿಲ್ಲಲಿ, ಆಮೇಲೆ ಪಿಟೀಲು, ವಯೋಲ, ಚೆಲ್ಲೊ. ಡಬಲ್ ಬಾಸ್ ಒಂದೇ ಉಳಿದು, ಬಿಲ್ಲಿನ ತುದಿ ಮುಗಿಯುವವರೆಗೆ ಎಳೆದು ಬಿಡಲಿ. ತಂಬೂರಿ ಇನ್ನೂ 5 ಸೆಕೆಂಡ್ ನಡೆಯಲಿ, ಅಷ್ಟು ಹೊತ್ತೂ ನಿರ್ದೇಶಕರ ಕೈ ಎತ್ತಿದಲ್ಲೇ ಇರಲಿ.